ಏರು, ಇಳಿ, ನಿದಾನ

ಜೂನ್ 3, ಮಂಗಳವಾರ

ಬೀಗ ಒಡೆದಿಲ್ಲ, ಒಂದು ಚಮಚವೂ ಕಾಣೆಯಾಗಿಲ್ಲ. ಆದರೂ ಮನೆಗೆ ಕಳ್ಳರು ನುಗ್ಗಿ ಹೋದ ಹಾಗಿದೆ ಇವತ್ತು.

ಬೆಳಿಗ್ಗೆ ಕಂಪನಿಯ ಯಜಮಾನರು ತಮ್ಮ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ತಮ್ಮ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹೊಸದೊಂದು ದೀಪದ ಬೋರ್ಡಿನ ಚಿತ್ರ. ನಮ್ಮದಲ್ಲ. ಕೆಳಗೆ ಒಂದು ಸಾಲು: "ನಿಮ್ಮ ಹಳೆಯ ನಾಟಕಗಳೆಲ್ಲ ಇದರಲ್ಲಿ ಇದ್ದ ಹಾಗೇ ನಡೆಯುತ್ತವೆ. ಒಂದಕ್ಷರ ಬದಲಿಸಬೇಕಾಗಿಲ್ಲ."

"ಒಂದಕ್ಷರ ಬದಲಿಸಬೇಕಾಗಿಲ್ಲ ಅಂದ್ರೆ ಏನರ್ಥ ಗೊತ್ತಾಯ್ತಾ?" ಎಂದರು.

ಗೊತ್ತಾಗದೆ ಏನು. ನನ್ನ ಪದಗಳನ್ನು ಎತ್ತಿಕೊಂಡಿದ್ದಾರೆ.

ಕೇಸು ಹಾಕುತ್ತಾರಂತೆ, ಬೇಗ ಮುಗಿಯುವ ಕೋರ್ಟಿನಲ್ಲಿ. ನಾನೇ ಮುಖ್ಯ ಸಾಕ್ಷಿ. ಕಂಪ್ಯೂಟರಿನ ಗಂಧಗಾಳಿ ಇಲ್ಲದ ವಕೀಲೆಗೆ ವಿಷಯ ತಿಳಿಸಿಕೊಡಬೇಕಂತೆ, ಶಾಲೆಯ ಮಗುವಿಗೆ ಹೇಳುವ ಹಾಗೆ. ಇಲ್ಲೇ ಒಮ್ಮೆ ಅಭ್ಯಾಸ ಮಾಡಿಬಿಡುತ್ತೇನೆ.

ನಾಟಕದಲ್ಲಿ ದೀಪ ತಾನಾಗಿ ಬೆಳಗುವುದಿಲ್ಲ. ಸಭಾಂಗಣದ ಹಿಂದುಗಡೆ ಒಂದು ಬೋರ್ಡು ಇರುತ್ತದೆ, ಅದರೊಳಗೆ ನಮ್ಮ ಸಾಫ್ಟ್‌ವೇರ್. ಅದನ್ನು ಮಾತನಾಡಿಸಲು ಕೆಲವು ಪದಗಳಿವೆ: ಏರು, ಇಳಿ, ತಡೆ, ಜೊತೆ, ನಿದಾನ, ಹೀಗೆ. "ಏರು 7 ನಿದಾನ 5" ಎಂದು ಬರೆದರೆ ಏಳನೆಯ ದೀಪ ಐದು ಸೆಕೆಂಡಿನಲ್ಲಿ ಮೆಲ್ಲಗೆ ಬೆಳಗುತ್ತದೆ. ಒಳಗೆ ಎಷ್ಟು ಸಾವಿರ ಸಾಲು ಓಡಿದವು ಎಂಬುದು ಬರೆದವರಿಗೆ ಬೇಕಿಲ್ಲ. ಅವರು ಕರೆಯುತ್ತಾರೆ, ಇದು ಓಗೊಡುತ್ತದೆ. ಆ ಕರೆಗಳ ಇಡೀ ಕಟ್ಟಿಗೆ ನಮ್ಮ ಕಸುಬಿನಲ್ಲಿ ಇಂಟರ್ಫೇಸ್ ಎನ್ನುತ್ತೇವೆ. ಇಪ್ಪತ್ತೈದು ವರ್ಷಗಳಿಂದ ಎಲ್ಲ ರಂಗಮಂದಿರಗಳೂ ತಮ್ಮ ನಾಟಕಗಳ ಬೆಳಕನ್ನು ಈ ಪದಗಳಲ್ಲೇ ಬರೆದಿಟ್ಟುಕೊಂಡಿವೆ.

ಎದುರಿನವರು ನಮ್ಮ ಒಳಗಿನ ಸಾಲು ಒಂದನ್ನೂ ಮುಟ್ಟಿಲ್ಲವಂತೆ. ಎಲ್ಲವನ್ನೂ ಹೊಸದಾಗಿ ತಾವೇ ಬರೆದಿದ್ದಾರಂತೆ. ತೆಗೆದುಕೊಂಡದ್ದು ಪದಗಳನ್ನು, ಅವನ್ನು ಜೋಡಿಸುವ ರೀತಿಯನ್ನು ಮಾತ್ರವಂತೆ. ಮಾತ್ರ! ಗೋಡೆ ನಾವೇ ಕಟ್ಟಿದೆವು, ಮನೆಯ ವಿಳಾಸ ಮಾತ್ರ ನಿಮ್ಮದು ಎಂದ ಹಾಗೆ.

ಬರೆದವಳು ಒಬ್ಬ ಹುಡುಗಿಯಂತೆ. ಕಳ್ಳಿ.

ಜೂನ್ 6, ಶುಕ್ರವಾರ

ವಕೀಲೆಯ ಕಚೇರಿ ಮೂರನೇ ಮಹಡಿಯಲ್ಲಿ. ಲಿಫ್ಟು ಇದೆ, ನಡೆಯುವುದಿಲ್ಲ. ಆಕೆ ಮೇಜಿನ ಕೆಳಗೆ ಚಪ್ಪಲಿ ಕಳಚಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕೇಳುತ್ತಾರೆ. ಪುಸ್ತಕದ ಕೇಸು, ಹಾಡಿನ ಕೇಸು ಗೆದ್ದಿದ್ದಾರೆ. ದೀಪ ಇದೇ ಮೊದಲಂತೆ.

ನನ್ನ ಪಾಠ ಮುಗಿದ ಮೇಲೆ ಅವರ ಪಾಠ.

"ಕಾಪಿರೈಟು ಐಡಿಯಾಕ್ಕೆ ಸಿಗಲ್ಲ, ಹೇಳಿದ ರೀತಿಗೆ ಸಿಗುತ್ತೆ. ಪ್ರೇಮಕಥೆ ಯಾರು ಬೇಕಾದ್ರೂ ಬರೀಬಹುದು, ನನ್ನ ಪ್ರೇಮಕಥೇನ ಸಾಲುಸಾಲಾಗಿ ಎತ್ತೋ ಹಾಗಿಲ್ಲ. ಇನ್ನೊಂದು, ಬರೀ ಕೆಲಸದ ವಸ್ತುವಿಗೂ ಸಿಗಲ್ಲ. ಕತ್ತರಿಗೆ ಎರಡು ಅಲಗು ಇರೋದು ಸೊಗಸಿಗಲ್ಲ, ಕತ್ತರಿಸೋಕೆ. ಈಗ ಹೇಳಿ, ನಿಮ್ಮ ಪದಗಳು ಕಥೆಯೋ, ಕತ್ತರಿಯೋ?"

"ಎರಡೂ" ಎಂದೆ.

"ಅದು ಉತ್ತರ ಅಲ್ಲ."

"ಅದೇ ನಿಜ."

"ಕೋರ್ಟಲ್ಲಿ ನಿಜಕ್ಕೂ ಒಂದು ಆಕಾರ ಬೇಕು ಕಣ್ರೀ." ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದರು. "ಏರು ಅನ್ನೋದರ ಬದಲು ಬೇರೆ ಇಡಬಹುದಿತ್ತಾ?"

"ಇಡಬಹುದಿತ್ತು. ಬೆಳಗು, ಹತ್ತು, ಉರಿ, ಮೇಲೆ…"

"ಭೇಷ್. ಅಂದ್ರೆ ಆಯ್ಕೆ ನಿಮ್ಮದು. ಆಯ್ಕೆ ಇದ್ದಲ್ಲಿ ಕೃತಿ ಇದೆ. ಏರು ಅಂತಲೇ ಯಾಕೆ ಇಟ್ರಿ?"

ಯಾಕೆ ಇಟ್ಟೆ? ಆಗಿನ ಟಿಪ್ಪಣಿ ಒಂದೂ ಉಳಿದಿಲ್ಲ. ಇದ್ದದ್ದು ಕಂಪನಿ ಕಟ್ಟಡ ಬದಲಿಸುವಾಗ ರದ್ದಿಗೆ ಹೋಯಿತು. "ನೆನಪು ಮಾಡ್ಕೊಳ್ಳಿ" ಎಂದು ಕಳಿಸಿದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಯೋಚಿಸಿದೆ, ನನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಹೋಗಿಬಿಟ್ಟಿದ್ದೆ.

ಜೂನ್ 8, ಭಾನುವಾರ

ಮಗಳು ಆಸ್ಪತ್ರೆಯ ಪಾಳಿ ಮುಗಿಸಿ ಬಂದು, ನರ್ಸಿನ ಸಮವಸ್ತ್ರದಲ್ಲೇ ಅಡುಗೆಮನೆಯ ಕಟ್ಟೆ ಹತ್ತಿ ಕೂತಳು. ನಾನು ಆಲೂಗಡ್ಡೆ ಹೆರೆಯುತ್ತಾ ಕೇಸಿನ ಕಥೆ ಹೇಳಿದೆ. ಅನುಕಂಪ ನಿರೀಕ್ಷಿಸಿದ್ದೆ. ಅವಳು ಯಾವಾಗ ಕೊಟ್ಟಿದ್ದಾಳೆ?

"ಅಮ್ಮಾ" ಎಂದಳು.

"ಓ, ಏನೇ?"

"ನೋಡು. ನಾನು ಅಮ್ಮಾ ಅಂದೆ, ನೀನು ಓ ಅಂದೆ. ಪಕ್ಕದ ಮನೆ ಹುಡುಗ ಅಮ್ಮಾ ಅಂದ್ರೆ ಅವರಮ್ಮ ಓ ಅಂತಾರೆ. ಕರೆಯೋ ಪದ ಒಂದೇ, ಬರೋ ಹೆಂಗಸು ಬೇರೆ. ಪದ ಒಂದೇ ಅಂತ ನೀನು ಅವರ ಮೇಲೆ ಕೇಸು ಹಾಕ್ತೀಯಾ?"

"ಅಮ್ಮ ಅನ್ನೋ ಪದಾನ ನಾನು ಹುಟ್ಟಿಸಲಿಲ್ಲ."

"ಏರು ಅನ್ನೋದನ್ನ ಹುಟ್ಟಿಸಿದ್ಯಾ?"

ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಯಿತು.

ಇಳಿದು ಹೋಗುವಾಗ, "ಅಪ್ಪನ ಥಿಯೇಟರಿಗೂ ಅದೇ ಹೊಸ ಬೋರ್ಡು ಬಂದಿದೆಯಂತೆ" ಎಂದಳು. ಅವಳ ತಂದೆಯವರು ಈಗಲೂ ಅಲ್ಲೇ ದೀಪ ನೋಡಿಕೊಳ್ಳುತ್ತಾರೆ. ನಾವು ಬೇರೆಯಾಗಿ ಹನ್ನೊಂದು ವರ್ಷವಾಯಿತು. ಆ ಮೇಲೆ ನಾನು ಯಾವ ರಂಗಮಂದಿರಕ್ಕೂ ಕಾಲಿಟ್ಟಿಲ್ಲ. ರಂಗಮಂದಿರಕ್ಕೆ ಬೋರ್ಡು ಮಾಡುವವಳು ರಂಗಮಂದಿರಕ್ಕೇ ಹೋಗಬೇಕೆಂದೇನೂ ಇಲ್ಲವಲ್ಲ. ಅವರ ವಿಷಯ ಇಲ್ಲಿ ಬರೆಯುವುದು ಬೇಡ.

ಜೂನ್ 9, ಸೋಮವಾರ

ಏರು ಎಂಬುದನ್ನು ನಾನು ಹುಟ್ಟಿಸಲಿಲ್ಲ, ಸರಿ. ಆದರೆ ಕಥೆ ಬರೆಯುವವರು ತಮ್ಮ ಪದಗಳನ್ನೆಲ್ಲ ತಾವೇ ಹುಟ್ಟಿಸುತ್ತಾರೆಯೇ? ಜೋಡಣೆ ಅವರದು. ಹಾಗೆಯೇ ಜೋಡಣೆ ನನ್ನದು.

ಇದನ್ನು ಮಗಳಿಗೆ ಆಗಲೇ ಹೇಳಬೇಕಿತ್ತು. ಒಳ್ಳೆಯ ಉತ್ತರ ಯಾವಾಗಲೂ ಪಾತ್ರೆ ತೊಳೆಯುವಾಗಲೇ ಹೊಳೆಯುತ್ತದೆ.

ಜೂನ್ 17, ಮಂಗಳವಾರ

ಎದುರಿನವರ ಬೋರ್ಡೊಂದನ್ನು ಯಜಮಾನರು ತರಿಸಿದ್ದಾರೆ, ಪುರಾವೆಗೆಂದು. ನನ್ನ ಮೇಜಿನ ಮೇಲಿಟ್ಟು, "ಎಲ್ಲೆಲ್ಲಿ ನಿನ್ನದಿದೆ ಗುರುತು ಹಾಕು" ಎಂದರು.

ಇಡೀ ದಿನ ಅದರ ಜೊತೆ ಕಳೆದೆ. ಮೊದಲ ಒಂದು ಗಂಟೆ ಹಲ್ಲು ಕಚ್ಚಿಕೊಂಡೇ. ಆಮೇಲೆ ಹಲ್ಲಿನ ವಿಷಯ ಮರೆತೆ. ನಮ್ಮದರಲ್ಲಿ ಹತ್ತು ದೀಪ ಒಟ್ಟಿಗೆ ಇಳಿಯುವಾಗ ಕೊನೆಯಲ್ಲೊಂದು ಸಣ್ಣ ಮಿಣುಕು ಇರುತ್ತದೆ, ಅದನ್ನು ತೆಗೆಯಲು ನನ್ನಿಂದ ಇದುವರೆಗೂ ಆಗಿಲ್ಲ. ಇವಳದರಲ್ಲಿ ಇಲ್ಲ! ಬೆಳಕು ರೇಷ್ಮೆ ಸೀರೆ ಜಾರುವ ಹಾಗೆ ಇಳಿಯುತ್ತದೆ. ಹೇಗೆ ಮಾಡಿದಳೋ. ಕೇಳುವಂತಿಲ್ಲ, ಎದುರಿನವರೊಡನೆ ಮಾತನಾಡಕೂಡದೆಂದು ವಕೀಲೆಯ ಕಟ್ಟಪ್ಪಣೆ.

ಸಂಜೆ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನಿಧಾನ ಎಂಬ ಪದವನ್ನು ನಾನು ಮೊದಲ ಸಲ ಟೈಪು ಮಾಡುವಾಗ ಧ-ಕ್ಕೆ ಬದಲು ದ ಒತ್ತಿದ್ದೆ. ನಿದಾನ. ನೋಡುವಷ್ಟರಲ್ಲಿ ಬೋರ್ಡುಗಳು ಹೊರಟುಹೋಗಿದ್ದವು, ಹಾಗೇ ಉಳಿಯಿತು. ಇವಳ ಬೋರ್ಡಿನಲ್ಲಿ "ನಿಧಾನ" ಎಂದು ಸರಿಯಾಗಿ ಬರೆದರೆ ದೋಷ ತೋರಿಸುತ್ತದೆ. "ನಿದಾನ" ಎಂದರೆ ದೀಪ ಬೆಳಗುತ್ತದೆ.

ನನ್ನ ಕಾಗುಣಿತದ ತಪ್ಪನ್ನೂ ಬಿಟ್ಟಿಲ್ಲ ಮಹಾರಾಯಿತಿ.

ಜೂನ್ 18, ಬುಧವಾರ

ವಕೀಲೆ ಕುರ್ಚಿಯಿಂದ ಎದ್ದು ಬರಿಗಾಲಲ್ಲೇ ಕೋಣೆ ಸುತ್ತಿದರು. "ಪರೀಕ್ಷೇಲಿ ಕಾಪಿ ಹೊಡೆದವನು ಸಿಕ್ಕಿಬೀಳೋದೇ ಪಕ್ಕದವನ ತಪ್ಪಿಂದ! ಸಾಕು, ಇಷ್ಟೇ ಸಾಕು."

ನಿಘಂಟನ್ನೂ ತೆಗೆದು ನೋಡಿದರು. ನಿದಾನ ಎಂಬ ಪದವೂ ಇದೆಯಂತೆ, ಅರ್ಥ ಮೂಲಕಾರಣ. "ಮೂಲಕಾರಣ ನೀವೇ ಅಂತ ಬೋರ್ಡೇ ಸಾಕ್ಷಿ ಹೇಳ್ತಿದೆ" ಎಂದು ನಕ್ಕರು.

ನಾನೂ ನಕ್ಕೆ. ಆದರೆ ದಾರಿಯುದ್ದಕ್ಕೂ ಒಂದು ಮುಳ್ಳು. ಅವಳಿಗೆ ಕಾಗುಣಿತ ಬರುವುದಿಲ್ಲವೆಂದಲ್ಲ. ಬಂದರೂ ತಿದ್ದಲಿಲ್ಲ. ತಿದ್ದಿದ್ದರೆ ಇಪ್ಪತ್ತೈದು ವರ್ಷಗಳ ನಾಟಕಗಳೆಲ್ಲ ಕತ್ತಲಲ್ಲಿ ನಿಂತುಬಿಡುತ್ತಿದ್ದವು. ನಾನೇ ನನ್ನ ಬೋರ್ಡಿನಲ್ಲಿ ಅದನ್ನು ಯಾಕೆ ತಿದ್ದಲಿಲ್ಲ? ಅದೇ ಕಾರಣಕ್ಕೆ. ಅಂದರೆ ಆ ತಪ್ಪಿನ ಮೇಲೆ ನನಗೂ ಅಧಿಕಾರವಿಲ್ಲ. ನನ್ನ ಪದದ ಮೇಲೆ ನನಗೇ ಅಧಿಕಾರವಿಲ್ಲದಿದ್ದರೆ ಅದು ಯಾರದು?

ಜೂನ್ 24, ಮಂಗಳವಾರ

ಏರು ಎಲ್ಲಿಂದ ಬಂತು ಎಂಬುದು ಊಟ ಮಾಡಗೊಡುತ್ತಿಲ್ಲ. ನೆನಪು ತೋಡಿದಷ್ಟೂ ಒಂದೇ ಕಡೆ ಹೋಗಿ ನಿಲ್ಲುತ್ತದೆ: ಆ ಹಳೆಯ ರಂಗಮಂದಿರ, ಏಣಿಯ ಮೇಲೆ ಅವರು, ಕೆಳಗೆ ಮೊದಲ ಬೋರ್ಡಿನ ಮುಂದೆ ನಾನು. ಆಗ ಮದುವೆಯೂ ಆಗಿರಲಿಲ್ಲ.

ಕೇಸಿನ ಸಲುವಾಗಿ ಫೋನು ಮಾಡಲೇಬೇಕಾಯಿತು. ಮಗಳಿಂದ ನಂಬರು ಪಡೆದೆ. ಅವಳು ಏನೂ ಕೇಳಲಿಲ್ಲ, ಅದೇ ಒಂದು ಕಿರಿಕಿರಿ.

"ಒಂದು ವಿಷಯ ವಿಚಾರಿಸಬೇಕಿತ್ತು. ಕಾನೂನಿಗೆ ಸಂಬಂಧಪಟ್ಟದ್ದು" ಎಂದೆ.

"ಹೇಳಿ" ಎಂದರು ಅವರು. ಅವರೂ ಬಹುವಚನ.

ಹೇಳಿದೆ. ಆ ಕಡೆ ಏನೋ ಬಿದ್ದ ಸದ್ದು, ಯಾರನ್ನೋ ಗದರಿದ ಸದ್ದು. "ಫೋನಲ್ಲಿ ಆಗಲ್ಲ. ಶನಿವಾರ ಮಧ್ಯಾಹ್ನ ದೀಪ ಕಟ್ತೀವಿ. ಬಂದು ನೋಡಿದ್ರೆ ನಿಮಗೇ ನೆನಪಾಗಬಹುದು."

ಹೋಗುವುದೋ ಬಿಡುವುದೋ. ಸಾಕ್ಷಿ ಹೇಳುವವಳು ವಿಷಯ ಖಚಿತಪಡಿಸಿಕೊಳ್ಳುವುದು ಕರ್ತವ್ಯ.

ಜೂನ್ 28, ಶನಿವಾರ

ಹೋಗಿದ್ದೆ.

ಹಿಂಬಾಗಿಲಿನ ಮೆಟ್ಟಿಲು ಬದಲಾಗಿದೆ, ವಾಸನೆ ಬದಲಾಗಿಲ್ಲ: ಮರದ ಪುಡಿ, ಬಿಸಿಯಾದ ಗಾಜು, ಹಳೆಯ ಪರದೆಯ ದೂಳು. ಒಳಗೆ ಕತ್ತಲು. ರಂಗದ ನಡುವೆ ಏಣಿ, ಏಣಿಯ ತುದಿಯಲ್ಲಿ ಎರಡು ಕಾಲು. ನಾಟಕದವರೆಲ್ಲ ಅವರನ್ನು ಕರೆಯುವುದೇ "ಏಣಿ" ಎಂದು. ಎತ್ತರಕ್ಕೂ ಸರಿ, ವಾಸಸ್ಥಳಕ್ಕೂ ಸರಿ. ಅಲ್ಲಿ ಬೋರ್ಡು ನಡೆಸುವ ಹುಡುಗಿ ಚಹಾ ತರಲು ಹೋಗಿದ್ದಳು. ಬೋರ್ಡು ಎದುರಿನವರದು.

"ಬೋರ್ಡ್ ಹತ್ರ ಯಾರು?" ಮೇಲಿನಿಂದ ಕೂಗು.

"ನಾನು."

ಏಣಿಯ ತುದಿಯ ಎರಡೂ ಕಾಲು ನನ್ನ ಕಡೆ ತಿರುಗಿದವು.

"ನಾಲ್ಕು, ಏರು" ಎಂದರು.

ಕೈ ತಾನಾಗಿ ಹೋಯಿತು. ನಾಲ್ಕು ಏರಿತು. ಅವರು ದೀಪವನ್ನು ಎಡಕ್ಕೆ ತಿರುಗಿಸಿ, "ಸಾಕು, ತಡೆ" ಎಂದರು. ತಡೆದೆ. "ಆರನ್ನೂ ಜೊತೆಗೆ." ಕೊಟ್ಟೆ. ಅದು ಯಾರ ಬೋರ್ಡು ಎಂಬುದು ಆ ಹತ್ತು ನಿಮಿಷ ನನ್ನ ತಲೆಗೆ ಬರಲೇ ಇಲ್ಲ. ಆಮೇಲೆ ಬಂದಾಗ ಕೈ ಹಿಂದೆಳೆದುಕೊಂಡೆ. ವಕೀಲೆ ನೋಡಿದ್ದರೆ!

ಇಳಿದು ಬಂದ. ತಲೆ ಪೂರ್ತಿ ಬೆಳ್ಳಗಾಗಿದೆ. ಸೊಂಟದ ಪಟ್ಟಿ ಹೊಸದು, ಅದರಲ್ಲಿ ತೂಗುವ ಸ್ಪ್ಯಾನರು ಹಳೆಯದು.

"ಏರು ಅನ್ನೋದು ನಿನ್ನ ಮಾತಲ್ವಾ?" ಎಂದು ನೇರ ವಿಷಯಕ್ಕೆ ಬಂದೆ. "ನೀನು ಮೇಲಿಂದ ಕೂಗ್ತಿದ್ದೆ, ನಾನು ಅದನ್ನೇ ಬೋರ್ಡಿಗೆ ಹಾಕ್ದೆ."

"ನನ್ನದಾ? ಇಲ್ಲಪ್ಪ. ನಾನು 'ಹಾಕು' ಅಂತಿದ್ದೆ. 'ಹಾಕು ಅಂದ್ರೆ ಹತ್ತಿಸೋದೂ ಆಗುತ್ತೆ, ಎಸೆಯೋದೂ ಆಗುತ್ತೆ, ನೆಟ್ಟಗೆ ಹೇಳು' ಅಂತ ನೀನೇ ಬೈದೆ. ಏರು ಅಂದಿದ್ದು ನೀನು."

"ಸುಳ್ಳು."

"ಹಾಗಾದ್ರೆ ನನಗಿಂತ ಮುಂಚೆ ಇದ್ನಲ್ಲ, ಮುದುಕ ಎಲೆಕ್ಟ್ರಿಷಿಯನ್. ಅವನದಿರಬೇಕು."

"ಅವನು ಮಾತೇ ಆಡ್ತಿರಲಿಲ್ವಲ್ಲೋ. ಬರೀ ಕೆಮ್ಮು."

"ಒಂದು ಕೆಮ್ಮಿದ್ರೆ ಏರು, ಎರಡು ಕೆಮ್ಮಿದ್ರೆ ಇಳಿ."

ನಕ್ಕು ನಕ್ಕು ಕಣ್ಣಲ್ಲಿ ನೀರು. ಬೋರ್ಡಿನ ಹುಡುಗಿ ಚಹಾ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

ಕೊನೆಗೆ ಅವನೇ ಗಂಭೀರವಾಗಿ ಹೇಳಿದ: "ಪದಗಳು ಯಾರದೋ ಗೊತ್ತಿಲ್ಲ. ಆದ್ರೆ ಅವನ್ನ ಒಂದರೊಳಗೊಂದು ಕೂರಿಸಿದ್ದು, 'ಜೊತೆ' ಒಳಗೆ 'ತಡೆ', ತಡೆ ಒಳಗೆ ಇನ್ನೊಂದು ಏರು, ಅದು ನಿನ್ನದೇ. ಆ ಇಡೀ ವರ್ಷ ನೀನು ನನ್ನ ಜೊತೆ ಇರಲಿಲ್ಲ, 'ಜೊತೆ' ಅನ್ನೋ ಪದದ ಜೊತೆ ಇದ್ದೆ."

"ನೀನು ಏಣಿ ಮೇಲಿದ್ದೆ" ಎಂದೆ.

"ಹೂಂ. ಇದ್ದೆ."

ಅಷ್ಟೇ. ಚಹಾ ತಣ್ಣಗಾಗಿತ್ತು, ಕುಡಿದೆ.

ಕೇಸಿಗೆ ಉಪಯುಕ್ತ ಭೇಟಿ.

ಜುಲೈ 1, ಮಂಗಳವಾರ

ಯಜಮಾನರಿಗೆ ಎಲ್ಲ ಹೇಳಿಬಿಟ್ಟೆ. ಪದಗಳು ರಂಗದ ಮೇಲಿನ ಕೂಗಾಟದಿಂದ ಬಂದವು, ಜೋಡಣೆ ನನ್ನದು, ಕೋರ್ಟಿನಲ್ಲಿ ಎರಡನ್ನೂ ಹೇಳುತ್ತೇನೆ ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಎಪ್ಪತ್ತರ ಹತ್ತಿರದ ಮನುಷ್ಯ. ನಾನು ಕೆಲಸಕ್ಕೆ ಸೇರಿದಾಗ ಒಂದು ಗ್ಯಾರೇಜಿನಲ್ಲಿ ತಾವೇ ಬೆಸುಗೆ ಹಾಕುತ್ತಾ ಕೂತಿದ್ದವರು.

"ನಾನು ಯಾರನ್ನೂ ಹಾಳು ಮಾಡೋಕೆ ಹೊರಟಿಲ್ಲಮ್ಮ" ಎಂದರು. "ನೀನು ವರ್ಷಗಟ್ಟಲೆ ಕೂತು ಮಾಡಿದ್ದನ್ನ ಇನ್ನೊಬ್ಬರು ಒಂದು ಸಂಜೇಲಿ ನಕಲು ಇಳಿಸಬಹುದು ಅಂದ್ರೆ, ನಾಳೆ ಯಾರು ಕೂತು ಮಾಡ್ತಾರೆ? ಕೆಳಗಡೆ ಕೆಲಸ ಮಾಡೋರು ಅಷ್ಟು ಜನ ಇದ್ದಾರೆ. ಅವರಿಗೆ ನಾನೇನು ಹೇಳಲಿ?"

ತಮಾಷೆಯೆಂದರೆ ಯಜಮಾನರು ಮಾತನಾಡಿದರೆ ಅವರು ಸರಿ, ಮಗಳು ಮಾತನಾಡಿದರೆ ಅವಳು ಸರಿ. ನನ್ನನ್ನು ನ್ಯಾಯಾಧೀಶೆ ಮಾಡಿದರೆ ತೀರ್ಪು ಬರುವ ಹೊತ್ತಿಗೆ ದೀಪಗಳೇ ಬಳಕೆಯಲ್ಲಿರುವುದಿಲ್ಲ.

ಜುಲೈ 14, ಸೋಮವಾರ

ನಾಳೆ. ಸೀರೆಗೆ ಇಸ್ತ್ರಿ ಮಾಡಿದ್ದಾಯಿತು. ಮಗಳು ರಜೆ ಹಾಕಿ ಬರುತ್ತಾಳಂತೆ. ಬೇಡವೆಂದೆ, ಬರುತ್ತಾಳೆ.

ಜುಲೈ 15, ಮಂಗಳವಾರ

ಸಾಕ್ಷಿಯ ಕಟಕಟೆ ಅಂದುಕೊಂಡದ್ದಕ್ಕಿಂತ ಕಿರಿದು. ಮೊಣಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎದುರಿನ ಸಾಲಿನಲ್ಲಿ ಆ ಹುಡುಗಿ ಕೂತಿದ್ದಳು. ಚಿಕ್ಕ ಆಳು, ಕೈಬೆರಳ ಉಗುರು ಕಚ್ಚುವ ಅಭ್ಯಾಸ. ನಾನು ಬೇರೆಯೇ ಕಲ್ಪಿಸಿಕೊಂಡಿದ್ದೆ.

ನಮ್ಮ ವಕೀಲೆ ಕೇಳಿದ್ದು ಸುಲಭ. ಬೇರೆ ರೀತಿ ಮಾಡಬಹುದಿತ್ತೇ? ಮಾಡಬಹುದಿತ್ತು. ಎಷ್ಟು ರೀತಿ? ಲೆಕ್ಕವಿಲ್ಲದಷ್ಟು. ಮೂರು ಸಲ ಪೂರ್ತಿ ಕಿತ್ತು ಹೊಸದಾಗಿ ಕಟ್ಟಿದ್ದೆ. ಅದನ್ನು ಹೇಳುವಾಗ ದನಿ ಏರಿತು. ಅದೂ ನಿಜವೇ ತಾನೆ, ಅದು ನನ್ನ ಬದುಕಿನ ಅತ್ಯುತ್ತಮ ಕೆಲಸ.

ಆಮೇಲೆ ಎದುರಿನ ವಕೀಲರು ಎದ್ದರು. ಬಹಳ ಮೆತ್ತಗಿನ ದನಿ.

"ಅಮ್ಮಾ, ಅವತ್ತು ಬೇರೆ ರೀತಿ ಮಾಡಬಹುದಿತ್ತು ಅಂದ್ರಿ. ಇವತ್ತು ಬದಲಾಯಿಸಬಹುದಾ? ನಾಳೆಯಿಂದ ನಿಮ್ಮ ಬೋರ್ಡಲ್ಲಿ ಏರು ಬದಲು ಬೆಳಗು ಅಂತ ಮಾಡ್ತೀರಾ?"

"ಆಗಲ್ಲ."

"ಯಾಕೆ? ನಿಮ್ಮದೇ ಕೃತಿ ಅಲ್ವಾ?"

ವಕೀಲೆ ನನ್ನ ಕಡೆ ನೋಡಿದರು, ಕೇಳಿದಷ್ಟಕ್ಕೇ ಉತ್ತರ ಕೊಡಿ ಎಂಬ ನೋಟ. ನಾನು ಕೇಳಿದಷ್ಟಕ್ಕೇ ಕೊಟ್ಟೆ.

"ಅದು ಈಗ ಅವರ ಕೈಗೆ ಕೂತುಬಿಟ್ಟಿದೆ. ಏಣಿ ಮೇಲೆ ಇರೋರ ಬಾಯಲ್ಲಿ ಇದೆ. ನಾನು ಬದಲಾಯಿಸಿದ್ರೆ ಅವರು ಬರೆದ ನಾಟಕಗಳೆಲ್ಲ ಮೂಕ ಆಗ್ತವೆ. ಕಾಗುಣಿತದ ತಪ್ಪೊಂದಿದೆ, ಅದನ್ನೂ ನಾನು ತಿದ್ದಕ್ಕಾಗಲ್ಲ."

"ಹಾಗಾದ್ರೆ ಅವರ ಹಳೇ ನಾಟಕಗಳು ಹೊಸ ಬೋರ್ಡಲ್ಲಿ ನಡೀಬೇಕು ಅಂದ್ರೆ, ಹೊಸ ಬೋರ್ಡು ಮಾಡೋರಿಗೆ ಬೇರೆ ದಾರಿ ಇತ್ತಾ?"

"ಇರಲಿಲ್ಲ" ಎಂದೆ. ಸಭೆಯಲ್ಲಿ ಯಾರೋ ಉಸಿರುಬಿಟ್ಟರು, ಯಜಮಾನರಿರಬೇಕು. "ಆದ್ರೆ ನನಗೆ ಇತ್ತು. ನಾನು ಮಾಡೋವಾಗ ಯಾರೂ ತುಳಿದ ದಾರಿ ಇರಲಿಲ್ಲ, ನಾನೇ ಕಡಿದೆ. ಅದನ್ನೂ ಬರ್ಕೊಳ್ಳಿ."

ಬರೆದುಕೊಂಡರು.

ಹೊರಗೆ ವಕೀಲೆ, "ನಿಮ್ಮನ್ನ ಸಾಕ್ಷಿ ಅಂತ ಕರೆದಿದ್ದು ಅವರೋ ನಾವೋ ಅಂತ ಡೌಟು ಬಂತು" ಎಂದರು. ಬೈಯಲಿಲ್ಲ ಮಾತ್ರ. ಮಗಳು ನನ್ನ ಕೈಚೀಲ ತಾನೇ ಹೊತ್ತಳು.

ಆಗಸ್ಟ್ 2, ಶನಿವಾರ

ತೀರ್ಪು ಇನ್ನೂ ಇಲ್ಲ. ಒಂದೆರಡು ಸಂಗತಿ ಖಚಿತಪಡಿಸಿಕೊಳ್ಳಬೇಕಿತ್ತು, ಮಧ್ಯಾಹ್ನ ರಂಗಮಂದಿರಕ್ಕೆ ಹೋಗಿಬಂದೆ. ಮೂರು ತಾಸು ಹಿಡಿಯಿತು. ಅವನಿಗೆ ಮೊಣಕಾಲು ನೋವಂತೆ, ಆದರೂ ಏಣಿ ಬಿಡುವುದಿಲ್ಲ. ನಾಳಿದ್ದಿಗೆ ಮಗಳ ಆಸ್ಪತ್ರೆಯಲ್ಲೇ ಡಾಕ್ಟರನ್ನು ಗೊತ್ತುಮಾಡಿದ್ದೇನೆ.

ಆಗಸ್ಟ್ 29, ಶುಕ್ರವಾರ

ಸೋತೆವು.

ಹಾಗೆ ಬರೆದರೆ ಪೂರ್ತಿ ಸರಿಯಲ್ಲ. ನ್ಯಾಯಾಧೀಶರು ಓದಿದ್ದು ಇಷ್ಟು: ಈ ಪದಗಳ ಕಟ್ಟಿನಲ್ಲಿ ಒಬ್ಬರ ಆಯ್ಕೆಯೂ ಶ್ರಮವೂ ಕಾಣುತ್ತವೆ. ಅದಕ್ಕೆ ಕಾಪಿರೈಟು ಇದೆ ಎಂದೇ ವಾದಕ್ಕಾಗಿ ಒಪ್ಪೋಣ. ಒಪ್ಪಿದರೂ, ದೀಪದ ಕೆಲಸದವರು ತಮ್ಮ ಹಳೆಯ ದುಡಿಮೆಯನ್ನು ಹೊಸ ಯಂತ್ರಕ್ಕೆ ಒಯ್ಯಲು ಎಷ್ಟು ಬೇಕೋ ಅಷ್ಟನ್ನೇ ಎದುರಿನವರು ತೆಗೆದುಕೊಂಡಿದ್ದಾರೆ, ಉಳಿದದ್ದನ್ನು ತಾವೇ ಮಾಡಿದ್ದಾರೆ. ಅದು ನ್ಯಾಯವಾದ ಬಳಕೆ.

"ಅಂದ್ರೆ ಕೊನೆಗೂ ಕಥೆಯೋ ಕತ್ತರಿಯೋ?" ವಕೀಲೆಯನ್ನು ಕೇಳಿದೆ.

"ಹೇಳಲೇ ಇಲ್ಲ ಕಣ್ರೀ! ಬಾಗಿಲ ತನಕ ಬಂದು, ಒಳಗೆ ಕಾಲಿಡದೆ ಕಿಟಕಿಯಿಂದ ತೀರ್ಪು ಕೊಟ್ಟರು." ಸೋತವರ ಹಾಗೆ ಕಾಣಲಿಲ್ಲ ಆಕೆ. ಒಗಟು ಉಳಿಯಿತೆಂಬ ಸಮಾಧಾನವೋ ಏನೋ.

ಯಜಮಾನರು ನನ್ನ ಭುಜ ತಟ್ಟಿ ಕಾರು ಹತ್ತಿದರು. ಒಂದು ಮಾತೂ ಇಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಓಡಿಬಂದ ಹೆಜ್ಜೆ ಸದ್ದು. ಆ ಹುಡುಗಿ.

"ಮ್ಯಾಡಮ್, ಈಗ ಮಾತಾಡಬಹುದಲ್ವಾ? ಕೇಸು ಮುಗೀತಲ್ಲ?"

"ಮುಗೀತು."

ಕ್ಷಮೆ ಕೇಳುತ್ತಾಳೋ, ಬೀಗುತ್ತಾಳೋ ಎಂದು ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡೆ.

"ಮೂರು ವರ್ಷದಿಂದ ಒಂದು ಪ್ರಶ್ನೆ ಹೊಟ್ಟೇಲಿ ಇಟ್ಕೊಂಡಿದೀನಿ. 'ತಡೆ' ಪಕ್ಕ ಸೊನ್ನೆ ಕೊಟ್ರೆ ತಡೆ ಮುಗಿಯುತ್ತೆ, ಅದು ಅರ್ಥ ಆಯ್ತು. ಆದ್ರೆ ಎರಡು ಸಲ ಕೊಟ್ರೆ ಎಲ್ಲಾ ದೀಪಗಳೂ ಆ ದೃಶ್ಯ ಶುರುವಾದ ಜಾಗಕ್ಕೇ ವಾಪಸ್ ಹೋಗ್ತವೆ. ಯಾವ ಕೈಪಿಡೀಲೂ ಇಲ್ಲ. ಎಲ್ಲಾ ಥಿಯೇಟರಿನವರ ನಾಟಕದಲ್ಲೂ ಇದೆ. ನನ್ನ ಬೋರ್ಡಲ್ಲೂ ಹಾಗೇ ಆಗೋ ಥರ ಮಾಡಿದೀನಿ, ಯಾಕೆ ಅಂತ ಮಾತ್ರ ಗೊತ್ತಿಲ್ಲ. ಯಾಕೆ ಹಾಗೆ ಮಾಡಿದ್ರಿ?"

ಇಳಿಯುತ್ತಿದ್ದವಳು ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿದೆ.

"ನಾನು ಮಾಡಿಲ್ಲ" ಎಂದೆ. "ಹಾಗಾಗುತ್ತೆ ಅಂತ ನನಗೆ ಗೊತ್ತೇ ಇಲ್ಲ."

ಅವಳ ಕಣ್ಣು ಅಗಲವಾಯಿತು. ನನ್ನದೂ ಆಗಿರಬೇಕು. ಗೆದ್ದವರೂ ಸೋತವರೂ ಪಕ್ಕದಲ್ಲೇ ಇಳಿದು ಹೋಗುತ್ತಿದ್ದರು. ನಾವಿಬ್ಬರು ಅವಳ ಕಡತದ ಬೆನ್ನ ಮೇಲೆ ಪೆನ್ನಿನಿಂದ ಗೀಚುತ್ತಾ ನಿಂತೆವು, ವಾಚ್‌ಮನ್ ಬಂದು "ದಾರಿ ಬಿಡಿ ತಾಯಿ" ಎನ್ನುವ ತನಕ.

ಆಗಸ್ಟ್ 31, ಭಾನುವಾರ

ಬೆಳಿಗ್ಗೆಯೇ ಆಫೀಸಿಗೆ ಹೋದೆ. ಯಾರೂ ಇಲ್ಲದ ಮಹಡಿ, ಫ್ಯಾನಿನ ಸದ್ದು. ಇಪ್ಪತ್ತೈದು ವರ್ಷ ಹಿಂದಿನ ನನ್ನ ಸಾಲುಗಳನ್ನು ತೆರೆದು ಕೂತೆ. ಎಷ್ಟು ಧೈರ್ಯವಿತ್ತು ಆ ಹೆಂಗಸಿಗೆ!

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಮೊದಲ ಸೊನ್ನೆ ತಡೆಯನ್ನು ಮುಗಿಸುತ್ತದೆ. ಎರಡನೆಯ ಸೊನ್ನೆ ಬಂದಾಗ ಮುಗಿಸಲು ತಡೆಯೇ ಇಲ್ಲ. ಒಂದರೊಳಗೊಂದು ಕೂರಿಸಿದ್ದೇನಲ್ಲ, ಹಾಗಾಗಿ ಅದು ಒಂದು ಮೆಟ್ಟಿಲು ಹೊರಗೆ ಬಂದು, ದೃಶ್ಯದ ಬೆಳಕಿನ ಬದಲಾವಣೆಯನ್ನೇ ಮುಗಿಸಿಬಿಡುತ್ತದೆ. ಎಲ್ಲವೂ ಹೊರಟಲ್ಲಿಗೆ ಮರಳುತ್ತದೆ. ನಾನು ಬರೆದದ್ದರಿಂದಲೇ ಆದದ್ದು, ನಾನು ಬರೆದದ್ದಲ್ಲ.

ಹುಡುಗಿಗೆ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಒಂದು ಕಿರುಚು. ಆಮೇಲೆ ಆ ಮಿಣುಕು ತೆಗೆದದ್ದು ಹೇಗೆಂದು ನಾನು ಕೇಳಿದೆ, ಅವಳು ಹೇಳಿದಳು. ಎಷ್ಟು ಸರಳ! ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಸೆಪ್ಟೆಂಬರ್ 6, ಶನಿವಾರ

ಯಜಮಾನರು ಬುಧವಾರ ಬಾಯಿ ಬಿಟ್ಟರು. "ಅವರಿಗಿಂತ ಚೆನ್ನಾಗಿ ಮಾಡಬೇಕು, ಇನ್ನೇನು ದಾರಿ" ಎಂದು, ಅಂಗಿಯ ತೋಳು ಮಡಚಿ ಬೆಸುಗೆ ಮೇಜಿನ ಹತ್ತಿರ ಹೋದರು. ಮಿಣುಕು ತೆಗೆದ ಬೋರ್ಡು ತೋರಿಸಿದೆ. ತಲೆಯಾಡಿಸಿದರು. ಎಲ್ಲಿಂದ ಕಲಿತೆ ಎಂದು ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ.

ಇವತ್ತು ಮಧ್ಯಾಹ್ನ ರಂಗಮಂದಿರದಲ್ಲಿ ತಾಲೀಮು. ಕೊನೆಯ ಸಾಲಿನಲ್ಲಿ, ಅಲ್ಲಿ ಬೋರ್ಡು ನಡೆಸುವ ಹುಡುಗಿಯ ಪಕ್ಕ ಕೂತಿದ್ದೆ. ದೊಡ್ಡ ಗದ್ದಲದ ದೃಶ್ಯ, ಮೂವತ್ತು ದೀಪ. ನಿರ್ದೇಶಕರು "ಮತ್ತೆ ಮೊದಲಿಂದ" ಎಂದರು. ಹುಡುಗಿ ಮೇಲೆ ನೋಡಿ ಕೂಗಿದಳು: "ಏಣಿ ಸಾರ್, ತವರಿಗೆ ಹೋಗ್ಲಾ?"

"ಹೋಗು" ಎಂದ ಅವನು.

ಅವಳು ಎರಡು ಸಲ ಸೊನ್ನೆ ಒತ್ತಿದಳು.

"ಏನಂದೆ ನೀನು?" ಎಂದು ಕೇಳಿದೆ.

"ತವರು. ಡಬಲ್ ಸೊನ್ನೆ. ದೀಪಗಳು ಹೊರಟ ಮನೆಗೆ ವಾಪಸ್ ಹೋಗ್ತವಲ್ಲ? ಎಲ್ಲಾ ಕಡೆ ಹಾಗೇ ಅಂತಾರೆ ಮೇಡಂ. ನೀವೇ ಇಟ್ಟಿದ್ದಲ್ವಾ?"

"ಅಲ್ಲ."

"ಮತ್ಯಾರು?"

ಮೇಲೆ ನೋಡಿದೆ. ಅವನು ಎರಡು ಕೈಯನ್ನೂ ಅಗಲಿಸಿ ತೋರಿಸಿದ, ನನಗೇನು ಗೊತ್ತು ಎಂಬಂತೆ. ಏಣಿ ಅಲುಗಿತು. "ಹಿಡ್ಕೊಳ್ಳೋ!" ಎಂದು ಕೂಗಿದೆ, ಇಡೀ ತಂಡ ತಿರುಗಿ ನೋಡಿತು.

ಹುಡುಗಿ ಎದ್ದು ತನ್ನ ಕುರ್ಚಿಯನ್ನು ನನ್ನ ಕಡೆ ನೂಕಿದಳು. ದೃಶ್ಯ ಮತ್ತೆ ಶುರುವಾಯಿತು, ದೀಪಗಳು ಒಂದೊಂದಾಗಿ ಏರಿದವು, ಜನ ಓಡಿದರು, ಕಿರುಚಿದರು, ಮೂವತ್ತು ಬಣ್ಣ ಒಂದರ ಮೇಲೊಂದು ಬಿದ್ದು ರಂಗವೆಲ್ಲ ಕಲಸಿಹೋಯಿತು. ನಿರ್ದೇಶಕರು ಕೈ ಎತ್ತಿದರು.

"ತವರು" ಎಂದ ಅವನು ಮೇಲಿನಿಂದ, ಮೆಲ್ಲಗೆ.

ಒತ್ತಿದೆ. ಗದ್ದಲವೆಲ್ಲ ಇಳಿಯಿತು. ಮೂಲೆಯಲ್ಲಿ ಒಂದೇ ಒಂದು ತಿಳಿನೀಲಿ ದೀಪ, ಅದರ ಕೆಳಗೆ ಖಾಲಿ ಕುರ್ಚಿ.

"ಬಂತಾ?" ಎಂದ.

"ಬಂತು" ಎಂದೆ.